ಪೋಕರ್‌ನಲ್ಲಿ ಯಾವ ಕೈ ದೊಡ್ಡದು? ಮೂರೆಲೆ ಬಲ್ಲವರಿಗೊಂದು ಮಾರ್ಗದರ್ಶಿ

ಕಳೆದ ದೀಪಾವಳಿಗೆ ಗಂಗಾವತಿಯ ನಮ್ಮ ಮನೆಯಲ್ಲೇ ನಾನು ಒಂದು ಡಬ್ಬಿ ಶೇಂಗಾ ಸೋತೆ. ಬೆಂಗಳೂರಿನಲ್ಲಿ ಓದುವ ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. ಊಟ ಆದ ಮೇಲೆ ಚಾಪೆ ಹಾಸಿ, "ಮಾಮಾ, ಬರ್ರಿ, ಪೋಕರ್ ಕಲಿಸ್ತೀನಿ" ಅಂದ. ನಾನು ಚಿಕ್ಕಂದಿನಿಂದ ಮೂರೆಲೆ ಆಡಿದವನು. ಪೋಕರ್ ಅಂದರೆ ಎರಡು ಎಲೆ ಜಾಸ್ತಿ, ಅಷ್ಟೇ ಅಲ್ವಾ ಅಂದುಕೊಂಡೆ.

ನನಗೆ 5, 6, 7, 8, 9 ಸಾಲಾಗಿ ಬಂತು. ಸೀಕ್ವೆನ್ಸ್! ಡಬ್ಬಿಯಲ್ಲಿದ್ದ ಶೇಂಗಾವನ್ನೆಲ್ಲ ಮುಂದಕ್ಕೆ ಸುರಿದೆ. ಅವನು ಐದು ಆಟೀನ್ ಎಲೆ ತೋರಿಸಿದ. ಸಾಲೂ ಇಲ್ಲ, ಜೋಡಿಯೂ ಇಲ್ಲ, ಅದರಲ್ಲಿ ದೊಡ್ಡದೆಂದರೆ ಒಂದು ಗುಲಾಮ. ನಾನು ಶೇಂಗಾಕ್ಕೆ ಕೈ ಹಾಕಿದೆ. ಅವನು ತಡೆದ. "ಇದು ಮೂರೆಲಿ ಅಲ್ಲ ಮಾಮಾ. ಐದೆಲಿಯೊಳಗ ಕಲರ್ ದೊಡ್ಡದು."

ಯಾಕೆ ದೊಡ್ಡದು ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. "ರೂಲ್ಸ್ ಹಂಗೈತ್ರಿ" ಅಂದ. ಆ ಉತ್ತರ ನನಗೆ ಸಮಾಧಾನ ಕೊಡಲಿಲ್ಲ. ಮರುದಿನ ಪೆನ್ನು ಕಾಗದ ಹಿಡಿದು ಲೆಕ್ಕಕ್ಕೆ ಕೂತಾಗ ವಿಷಯ ಬಿಚ್ಚಿಕೊಂಡಿತು. ರೂಲ್ಸ್ ಸುಮ್ನೆ ಹಂಗಿಲ್ಲ. ಬರೋದು ಯಾವುದು ಕಷ್ಟವೋ ಅದು ದೊಡ್ಡದು. ಮೂರೆಲೆಯಲ್ಲಿ ಕಷ್ಟವಾಗಿದ್ದು ಐದೆಲೆಯಲ್ಲಿ ಸ್ವಲ್ಪ ಸುಲಭ ಆಗಿಬಿಡುತ್ತದೆ, ಅಲ್ಲೇ ನಮ್ಮಂಥವರು ಎಡವುವುದು.

ಶುರು ಮಾಡುವ ಮೊದಲು ಒಂದು ಮಾತು. ಈ ಬರಹ ಶೇಂಗಾ, ಹುಣಸೆ ಬೀಜ ಕಟ್ಟಿ ಆಡುವವರಿಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ. ದುಡ್ಡಿಟ್ಟು ಇಸ್ಪೀಟು ಆಡಿ ಹಬ್ಬದ ರಾತ್ರಿ ಸ್ಟೇಷನ್ನಿನಲ್ಲಿ ಕೂತವರ ಕಥೆ ನಮ್ಮ ಕಡೆ ಯಾರಿಗೂ ಹೊಸದಲ್ಲ.

ಮೊದಲು ಕಟ್ಟನ್ನು ನೋಡಿ

ಜೋಕರ್ ತೆಗೆದಿಡಿ. ಉಳಿಯುವುದು 52 ಎಲೆ. ಇಸ್ಪೀಟ್, ಆಟೀನ್, ಡೈಮನ್, ಕಳಾವರ್ ಅಂತ ನಾಲ್ಕು ಬಗೆ, ಒಂದೊಂದರಲ್ಲಿ 13 ಎಲೆ. 2 ಎಲ್ಲಕ್ಕಿಂತ ಚಿಕ್ಕದು. 10 ಆದ ಮೇಲೆ ಗುಲಾಮ, ರಾಣಿ, ರಾಜ, ಕೊನೆಗೆ ಎಕ್ಕ.

ಪೋಕರ್‌ನಲ್ಲಿ ಬಗೆಗಳ ನಡುವೆ ಮೇಲು ಕೀಳು ಇಲ್ಲ. ಇಸ್ಪೀಟ್ ರಾಜನೂ ಡೈಮನ್ ರಾಜನೂ ಒಂದೇ. "ನಂದು ಇಸ್ಪೀಟ್, ಅದಕ್ಕೆ ನಾನೇ ದೊಡ್ಡವನು" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು: ಪೋಕರ್ ಕೈ ಅಂದರೆ ಯಾವಾಗಲೂ ಐದೇ ಎಲೆ. ನಿಮ್ಮ ಮುಂದೆ ಏಳು ಎಲೆ ಇದ್ದರೂ ಐದನ್ನು ಆರಿಸಿ ತೋರಿಸಬೇಕು. ಆರನೆಯದಕ್ಕೂ ಏಳನೆಯದಕ್ಕೂ ಬೆಲೆ ಇಲ್ಲ. ಅರ್ಧ ಜಗಳಗಳು ಇದನ್ನು ಮರೆತಿದ್ದಕ್ಕೇ ಹುಟ್ಟುತ್ತವೆ.

ಒಂದೂವರೆ ಚೀಲ ಅಕ್ಕಿ

52 ಎಲೆಯಿಂದ ಐದನ್ನು ಎಷ್ಟು ಥರ ಎತ್ತಬಹುದು? 25,98,960 ಥರ. ಇಂಥ ಸಂಖ್ಯೆ ಓದಿದರೆ ಕಣ್ಣಿಗೇನೂ ಕಾಣುವುದಿಲ್ಲ. ನಮ್ಮದು ಅಕ್ಕಿ ಗಿರಣಿಗಳ ಊರು, ಹಾಗಾಗಿ ನಾನು ಅಕ್ಕಿಯಲ್ಲೇ ಅಳೆದೆ. ಸೋನಾ ಮಸೂರಿಯ ಸಾವಿರ ಕಾಳು ಅಂದಾಜಿಗೆ 15 ಗ್ರಾಂ ಅಂತ ಹಿಡಿಯಿರಿ. ಒಂದು ಕೈಗೆ ಒಂದು ಕಾಳು. ಆಗ ಎಲ್ಲ ಕೈಗಳೂ ಸೇರಿ ಸುಮಾರು 39 ಕಿಲೋ. ಅಂಗಡಿಯಲ್ಲಿ ಸಿಗುವ 25 ಕಿಲೋ ಚೀಲದ ಲೆಕ್ಕದಲ್ಲಿ ಒಂದೂವರೆ ಚೀಲ.

ಈಗ ಆ ಅಕ್ಕಿಯನ್ನು ಮೊರಕ್ಕೆ ಹಾಕಿ ಬೇರೆ ಬೇರೆ ಮಾಡೋಣ. ಕೆಳಗಿನಿಂದ ಹೋಗುವುದೇ ಸರಿ, ಯಾಕೆಂದರೆ ನಿಮಗೆ ಜಾಸ್ತಿ ಬರುವುದು ಕೆಳಗಿನವೇ.

ಏನೂ ಕೂಡದ ಕೈಗೆ ಹೈ ಕಾರ್ಡ್ ಅನ್ನುತ್ತಾರೆ. ಜೋಡಿ ಇಲ್ಲ, ಸಾಲು ಇಲ್ಲ, ಕಲರ್ ಇಲ್ಲ. ಇದು ಹತ್ತೊಂಬತ್ತೂವರೆ ಕಿಲೋ, ಅಂದರೆ ಅರ್ಧಕ್ಕೂ ಒಂಚೂರು ಜಾಸ್ತಿ. ಅದರ ಮೇಲೆ ಒಂದು ಜೋಡಿ, ಒನ್ ಪೇರ್. ಇದು ಹದಿನಾರೂವರೆ ಕಿಲೋ. ಇವೆರಡರಲ್ಲೇ ಒಂದೂವರೆ ಚೀಲ ಬಹುತೇಕ ಖಾಲಿ ಆಯಿತು ನೋಡಿ. ಉಳಿದದ್ದು ಮೂರು ಕಿಲೋನೂ ಇಲ್ಲ. ಮಿಕ್ಕ ಎಂಟು ಕೈಗಳೂ ಅದರಲ್ಲೇ ಇವೆ.

ಎರಡು ಜೋಡಿ, ಟೂ ಪೇರ್: ಎರಡು ಕಿಲೋಗೆ ಸ್ವಲ್ಪ ಕಡಿಮೆ. ಒಂದೇ ಥರದ ಮೂರು ಎಲೆ, ತ್ರೀ ಆಫ್ ಎ ಕೈಂಡ್: ಸುಮಾರು 820 ಗ್ರಾಂ. ನಮ್ಮ ಮೂರೆಲೆಯಲ್ಲಿ ಇದೇ ಟ್ರೈಲ್, ಎಲ್ಲಕ್ಕಿಂತ ದೊಡ್ಡದು. ಇಲ್ಲಿ ಮೂರು ಎಕ್ಕ ಹಿಡಿದವನೂ ಕೆಳಗಿನಿಂದ ನಾಲ್ಕನೇ ಮೆಟ್ಟಿಲಲ್ಲಿ ಕೂರಬೇಕು. ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಇಲ್ಲಿಂದ ಮೇಲೆ ಅಳತೆ ಲೋಟಕ್ಕೆ ಇಳಿಯುತ್ತದೆ. ಸಾಲಾಗಿ ಐದು ಎಲೆ ಬಂದರೆ ಸ್ಟ್ರೇಟ್. ಇದು 153 ಗ್ರಾಂ, ಅನ್ನಕ್ಕೆ ಅಳೆಯುವ ಒಂದು ಸಣ್ಣ ಲೋಟ. ಐದೂ ಒಂದೇ ಬಗೆ ಆದರೆ ಫ್ಲಶ್, ನಾವು ಕಲರ್ ಅನ್ನುವುದು. ಇದು 77 ಗ್ರಾಂ, ಅರ್ಧ ಲೋಟ. ಮೂರು ಒಂದು ಥರ, ಎರಡು ಇನ್ನೊಂದು ಥರ ಆದರೆ ಫುಲ್ ಹೌಸ್, 56 ಗ್ರಾಂ. ಒಂದೇ ಥರದ ನಾಲ್ಕೂ ಎಲೆ ಬಂದರೆ ಫೋರ್ ಆಫ್ ಎ ಕೈಂಡ್. ಅದು ಒಂಬತ್ತು ಗ್ರಾಂ ಚಿಲ್ಲರೆ, ಒಂದು ಚಮಚ.

ಸಾಲೂ ಆಗಬೇಕು, ಕಲರೂ ಆಗಬೇಕು ಅಂದರೆ ಸ್ಟ್ರೇಟ್ ಫ್ಲಶ್. ಬರೀ 40 ಕಾಳು. ಅದರಲ್ಲೂ ಒಂದೇ ಬಗೆಯ 10, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ರಾಯಲ್ ಫ್ಲಶ್. ಒಂದೂವರೆ ಚೀಲದಲ್ಲಿ ನಾಲ್ಕೇ ನಾಲ್ಕು ಕಾಳು, ಬಗೆಗೆ ಒಂದರಂತೆ. ರಾಯಲ್ ಫ್ಲಶ್ ಬೇರೆ ಜಾತಿಯೇನಲ್ಲ, ಸ್ಟ್ರೇಟ್ ಫ್ಲಶ್‌ಗಳಲ್ಲಿ ದೊಡ್ಡದು ಅಷ್ಟೇ. ಹೆಸರಿನ ಗತ್ತು ಜಾಸ್ತಿ.

ಕಲರ್ ಯಾಕೆ ಸೀಕ್ವೆನ್ಸ್‌ಗಿಂತ ದೊಡ್ಡದು

ನನ್ನ ಶೇಂಗಾ ಹೋದದ್ದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಮೊದಲು ನಮ್ಮ ಮೂರೆಲೆ. ಸೀಕ್ವೆನ್ಸ್ ಎಷ್ಟು ಥರ ಬರಬಹುದು? ಎಕ್ಕ-2-3ರಿಂದ ಹಿಡಿದು ರಾಣಿ-ರಾಜ-ಎಕ್ಕದವರೆಗೆ 12 ಸಾಲುಗಳು. ಪ್ರತಿ ಎಲೆಯೂ ನಾಲ್ಕು ಬಗೆಯಲ್ಲಿ ಯಾವುದಾದರೂ ಆಗಬಹುದು. ಹಾಗಾಗಿ ಒಂದು ಸಾಲಿಗೆ 4×4×4, ಅಂದರೆ 64 ಥರ. 12 ಸಾಲಿಗೆ 768. ಅದರಲ್ಲಿ 48 ಪ್ಯೂರ್ ಸೀಕ್ವೆನ್ಸ್, ಅಂದರೆ ಮೂರೂ ಒಂದೇ ಬಗೆಯ ಸಾಲು, ಅವನ್ನು ಬಿಟ್ಟರೆ 720. ಇನ್ನು ಕಲರ್. ಒಂದು ಬಗೆಯ 13 ಎಲೆಯಿಂದ ಮೂರನ್ನು 286 ಥರ ಆರಿಸಬಹುದು. ನಾಲ್ಕು ಬಗೆಗೆ 1,144. ಅದೇ 48 ಕಳೆದರೆ 1,096. ಸೀಕ್ವೆನ್ಸ್ 720, ಕಲರ್ 1,096. ಸೀಕ್ವೆನ್ಸ್ ಕಷ್ಟ, ಅದಕ್ಕೇ ಅದು ದೊಡ್ಡದು. ನಮ್ಮ ಹಿರಿಯರು ಆಡಿದ್ದು ಸರಿಯಾಗೇ ಇದೆ.

ಈಗ ಐದೆಲೆ. ಸಾಲುಗಳು ಹತ್ತು: ಎಕ್ಕ-2-3-4-5ರಿಂದ 10-ಗುಲಾಮ-ರಾಣಿ-ರಾಜ-ಎಕ್ಕದವರೆಗೆ. ಒಂದು ಸಾಲಿಗೆ ನಾಲ್ಕನ್ನು ಐದು ಸಲ ಗುಣಿಸಿ, 1,024. ಹತ್ತು ಸಾಲಿಗೆ 10,240. ಕಲರೂ ಆಗಿರುವ 40 ಕಳೆಯಿರಿ, 10,200. ಕಲರ್‌ಗೆ ಬನ್ನಿ. 13ರಿಂದ ಐದನ್ನು 1,287 ಥರ ಆರಿಸಬಹುದು. ನಾಲ್ಕು ಬಗೆಗೆ 5,148. ಅದೇ 40 ಕಳೆದರೆ 5,108.

ಸೀಕ್ವೆನ್ಸ್ 10,200, ಕಲರ್ 5,108. ತಕ್ಕಡಿ ತಿರುಗಿತು. ಎಲೆ ಜಾಸ್ತಿ ಆದಂತೆ ಸಾಲಿನ ಪ್ರತಿ ಎಲೆಗೂ ನಾಲ್ಕು ಬಾಗಿಲು ತೆರೆದೇ ಇರುತ್ತವೆ. ಕಲರ್‌ಗೆ ಮಾತ್ರ ಒಂದೇ ಬಾಗಿಲು, ಒಳಗಿನ ಎಲೆಯೂ ಒಂದೊಂದೇ ಖಾಲಿ ಆಗುತ್ತಾ ಹೋಗುತ್ತದೆ.

ಈ ಲೆಕ್ಕ ಹಾಕುವಾಗ ಮೂರೆಲೆಯ ಒಂದು ಗುಟ್ಟೂ ಸಿಕ್ಕಿತು. ಟ್ರೈಲ್ 52 ಥರ ಬರುತ್ತದೆ, ಪ್ಯೂರ್ ಸೀಕ್ವೆನ್ಸ್ 48 ಥರ ಮಾತ್ರ. ನ್ಯಾಯವಾಗಿ ಪ್ಯೂರ್ ಸೀಕ್ವೆನ್ಸ್ ಮೇಲೆ ಇರಬೇಕಿತ್ತು. ಆದರೂ ಟ್ರೈಲನ್ನೇ ಮೇಲೆ ಕೂರಿಸಿದ್ದಾರೆ. ಮೂರು ಎಕ್ಕ ಹಿಡಿದವನಿಗೆ "ನೀನು ಸೋತೆ" ಅನ್ನುವ ಧೈರ್ಯ ಯಾರಿಗೂ ಇರಲಿಲ್ಲವೇನೋ. ಪೋಕರ್‌ನ ಐದೆಲೆ ಪಟ್ಟಿಯಲ್ಲಿ ಇಂಥ ರಿಯಾಯಿತಿ ಇಲ್ಲ.

ಲೆಕ್ಕವೇ ಯಜಮಾನ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. 2ರಿಂದ 5ರವರೆಗಿನ ಎಲೆಗಳನ್ನೆಲ್ಲ ತೆಗೆದು 36 ಎಲೆಯಲ್ಲಿ ಆಡುವ ಶಾರ್ಟ್ ಡೆಕ್ ಅನ್ನುವ ಬಗೆ ಇದೆ. ಪ್ರತಿ ಬಗೆಯಲ್ಲಿ ಒಂಬತ್ತೇ ಎಲೆ ಉಳಿಯುವುದರಿಂದ ಕಲರ್ ತುಂಬಾ ಅಪರೂಪ. ಅಲ್ಲಿ ಕಲರ್ ಫುಲ್ ಹೌಸನ್ನೂ ಸೋಲಿಸುತ್ತದೆ.

ಎಕ್ಕದ ಎರಡು ಮುಖ

ಸಾಲಿನಲ್ಲಿ ಎಕ್ಕ ತುದಿಗೂ ಕೂರುತ್ತದೆ, ಬುಡಕ್ಕೂ ಕೂರುತ್ತದೆ. ನಡುವೆ ಕೂರುವುದಿಲ್ಲ. ರಾಣಿ-ರಾಜ-ಎಕ್ಕ-2-3 ಅನ್ನುವುದು ಸಾಲೇ ಅಲ್ಲ.

ಬುಡಕ್ಕೆ ಕೂತಾಗ ಅದರ ಬೆಲೆ ಒಂದು ಅಷ್ಟೇ. ಇದು ಮೂರೆಲೆಯವರಿಗೆ ಕಾದಿರುವ ಎರಡನೇ ಗುಂಡಿ. ನಾವು ಸಾಮಾನ್ಯವಾಗಿ ಆಡುವ ಮೂರೆಲೆಯಲ್ಲಿ ಎಕ್ಕ-ರಾಜ-ರಾಣಿ ಮೊದಲ ಸೀಕ್ವೆನ್ಸ್, ಎಕ್ಕ-2-3 ಎರಡನೆಯದು, ಆಮೇಲೆ ರಾಜ-ರಾಣಿ-ಗುಲಾಮ. ಪೋಕರ್‌ನಲ್ಲಿ ಎಕ್ಕ-2-3-4-5 ಎಲ್ಲ ಸಾಲುಗಳಲ್ಲಿ ಕಡೆಯದು. 2-3-4-5-6 ಕೂಡ ಅದನ್ನು ಹೊಡೆಯುತ್ತದೆ. ಎಕ್ಕ ಇದೆ ಅಂತ ಎದೆ ಉಬ್ಬಿಸಬೇಡಿ.

ಇಬ್ಬರಿಗೂ ಒಂದೇ ಕೈ ಬಂದರೆ

ಪಟ್ಟಿ ಗೊತ್ತಾದ ಮೇಲೂ ಜಗಳ ಉಳಿಯುವುದು ಇಲ್ಲಿ. ದಾರಿ ಒಂದೇ: ಕೂಡಿದ ಎಲೆಯನ್ನು ಮೊದಲು ಹೋಲಿಸಿ. ಅಲ್ಲೂ ಸಮ ಆದರೆ ಉಳಿದ ಎಲೆಗಳಲ್ಲಿ ದೊಡ್ಡದರಿಂದ ಕೆಳಗೆ ಬನ್ನಿ. ಹೀಗೆ ತೀರ್ಪು ಕೊಡುವ ಬಿಡಿ ಎಲೆಗೆ ಕಿಕ್ಕರ್ ಅನ್ನುತ್ತಾರೆ.

ಇಬ್ಬರಿಗೂ ರಾಜನ ಜೋಡಿ. ನಿಮ್ಮ ಬಿಡಿ ಎಲೆ ಎಕ್ಕ, 7, 4. ಅವರದು ರಾಣಿ, ಗುಲಾಮ, 10. ಅವರ ಎಲೆ ನೋಡಲು ಭಾರಿ ಕಂಡರೂ ಎಕ್ಕ ರಾಣಿಗಿಂತ ದೊಡ್ಡದು, ನೀವು ಗೆದ್ದಿರಿ. 7, 4 ನೋಡುವ ಪ್ರಶ್ನೆಯೇ ಬರುವುದಿಲ್ಲ. ಬಿಡಿ ಎಲೆಗಳನ್ನು ಕೂಡಿಸಿ ಮೊತ್ತ ನೋಡುವ ಪದ್ಧತಿ ಪೋಕರ್‌ನಲ್ಲಿಲ್ಲ.

ಎರಡು ಜೋಡಿ ಇದ್ದಾಗ ದೊಡ್ಡ ಜೋಡಿಯನ್ನು ಮೊದಲು ನೋಡಬೇಕು. ಎಕ್ಕದ ಜೋಡಿ ಮತ್ತು 2ರ ಜೋಡಿ ಹಿಡಿದವನು, ರಾಜ-ರಾಣಿ ಜೋಡಿ ಹಿಡಿದವನನ್ನು ಸೋಲಿಸುತ್ತಾನೆ. ಫುಲ್ ಹೌಸ್‌ನಲ್ಲಿ ಮೂರರ ಗುಂಪು ಮೊದಲು. 8-8-8-2-2 ಎದುರು 7-7-7-ಎಕ್ಕ-ಎಕ್ಕ ಸೋಲುತ್ತದೆ. ಸಾಲಿನಲ್ಲಿ ತುದಿಯ ಎಲೆ, ಕಲರ್‌ನಲ್ಲಿ ದೊಡ್ಡ ಎಲೆಯಿಂದ ಒಂದೊಂದಾಗಿ ಕೆಳಕ್ಕೆ.

ಐದೂ ಸಮ ಆಯಿತು ಅಂದರೆ? ಮೂರೆಲೆಯಲ್ಲಿ ಶೋ ಕೇಳಿದವನು ಸೋತ ಅಂತ ಸಾಮಾನ್ಯವಾಗಿ ಬಗೆಹರಿಸುತ್ತೇವೆ. ಪೋಕರ್‌ನಲ್ಲಿ ಇಬ್ಬರೂ ಸಮಪಾಲು. ನಡುವಿನ ಶೇಂಗಾ ಗುಡ್ಡೆಯನ್ನು ಅರ್ಧ ಅರ್ಧ ಹಂಚಿಕೊಂಡು ಮುಂದಕ್ಕೆ ಹೋಗಬೇಕು.

ಏಳರಲ್ಲಿ ಐದು

ಈಗ ಎಲ್ಲರೂ ಆಡುವುದು ಟೆಕ್ಸಾಸ್ ಹೋಲ್ಡೆಮ್. ನಿಮ್ಮ ಕೈಗೆ ಎರಡು ಎಲೆ, ಚಾಪೆಯ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ತೆರೆಯುತ್ತಾರೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ನಿಮ್ಮ ಕೈ. ನಿಮ್ಮ ಎರಡೂ ಎಲೆ ಬಳಸಬಹುದು, ಒಂದು ಬಳಸಬಹುದು, ಎರಡನ್ನೂ ಬಿಟ್ಟು ಚಾಪೆಯ ಐದನ್ನೇ ಕೈ ಅನ್ನಬಹುದು. ಒಮಾಹಾ ಅನ್ನುವ ಆಟ ಬೇರೆ: ಕೈಗೆ ನಾಲ್ಕು ಎಲೆ, ಅದರಲ್ಲಿ ಸರಿಯಾಗಿ ಎರಡನ್ನೇ ಬಳಸಬೇಕು. ಮೊದಲು ಹೋಲ್ಡೆಮ್ ಕಲಿತು ಆಮೇಲೆ ಅದಕ್ಕೆ ಕೈ ಹಾಕಿ.

ಏಳು ಎಲೆ ಇದ್ದಾಗ ದೊಡ್ಡ ಕೈಗಳು ಹೆಚ್ಚು ಸಲ ಬರುತ್ತವೆ. ಸ್ಟ್ರೇಟ್ ನೂರಕ್ಕೆ 4.6, ಫ್ಲಶ್ 3, ಫುಲ್ ಹೌಸ್ 2.6. ಇವುಗಳ ಕ್ರಮ ಬದಲಾಗಿಲ್ಲ ನೋಡಿ. ಆದರೆ ಕೆಳಗೊಂದು ತಮಾಷೆ ಇದೆ. ಏನೂ ಕೂಡದ ಕೈ ನೂರಕ್ಕೆ 17ರಷ್ಟು ಮಾತ್ರ, ಒಂದು ಜೋಡಿ 44ರ ಹತ್ತಿರ. ಅಪರೂಪದ ಲೆಕ್ಕ ಹಿಡಿದರೆ ಏನೂ ಇಲ್ಲದವನೇ ಗೆಲ್ಲಬೇಕು! ಪಟ್ಟಿ ಐದೆಲೆಯ ಲೆಕ್ಕದ್ದು, ಅದನ್ನೇ ಇಲ್ಲಿಗೂ ತಂದಿದ್ದಾರೆ.

ಇನ್ನು ಚಾಪೆಯ ಮೇಲೆ ಕೂತು ನೋಡೋಣ. ಓದುವಾಗ ಎಲೆ ಹರಡಿಕೊಂಡರೆ ಬೇಗ ಹತ್ತುತ್ತದೆ.

ಚಾಪೆಯಲ್ಲಿ 9, 9, ರಾಜ, 5, 2. ಕಲರ್ ಯಾರಿಗೂ ಇಲ್ಲ ಅಂದುಕೊಳ್ಳಿ. ನಿಮ್ಮಲ್ಲಿ ರಾಜ, ರಾಣಿ. ಎದುರಿನವರಲ್ಲಿ ರಾಜ, ಗುಲಾಮ. ಇಬ್ಬರಿಗೂ ರಾಜನ ಜೋಡಿ, 9ರ ಜೋಡಿ. ಐದನೇ ಎಲೆ ನಿಮ್ಮದು ರಾಣಿ, ಅವರದು ಗುಲಾಮ. ನೀವು ಗೆದ್ದಿರಿ. ಈಗ ಚಾಪೆಯ 2 ತೆಗೆದು ಅಲ್ಲಿ ಎಕ್ಕ ಇಡಿ. ಇಬ್ಬರ ಐದನೇ ಎಲೆಯೂ ಎಕ್ಕವೇ ಆಯಿತು. ನಿಮ್ಮ ರಾಣಿ ಆರನೆಯದು, ಅದಕ್ಕೆ ಬೆಲೆ ಇಲ್ಲ. ಸಮಪಾಲು.

ಇನ್ನೊಂದು ಹೊಟ್ಟೆ ಉರಿಸುವ ಕೈ. ನಿಮ್ಮಲ್ಲಿ 6ರ ಜೋಡಿ. ಚಾಪೆಯಲ್ಲಿ ರಾಜ, ರಾಜ, 9, 9, 4. ಮೂರು ಜೋಡಿ ಇದೆ ಅಂತ ಖುಷಿ ಪಡುವ ಹಾಗಿಲ್ಲ, ಮೂರು ಜೋಡಿ ಅನ್ನುವ ಕೈಯೇ ಇಲ್ಲ. ನಿಮ್ಮದು ರಾಜ-ರಾಜ-9-9-6. ಎದುರಿನವನ ಹತ್ತಿರ ಎಕ್ಕ, 3 ಅಷ್ಟೇ ಇದ್ದರೂ ರಾಜ-ರಾಜ-9-9-ಎಕ್ಕ ಆಯಿತು. ಕೈಯಲ್ಲಿ ಜೋಡಿ ಹಿಡಿದ ನೀವು ಸೋತಿರಿ.

ಚಾಪೆಯಲ್ಲಿ ಆಟೀನ್ 10, 8, 6, 3, ಜೊತೆಗೆ ಇಸ್ಪೀಟ್ ರಾಜ. ನಿಮ್ಮಲ್ಲಿ ಎರಡು ಎಕ್ಕ, ಎರಡೂ ಆಟೀನ್ ಅಲ್ಲ. ಎದುರಿನವನಲ್ಲಿ ಆಟೀನ್ 2 ಇದ್ದರೆ ಸಾಕು, ಅವನಿಗೆ ಕಲರ್. ಮೂರನೆಯವನಲ್ಲಿ ಆಟೀನ್ 7 ಇದ್ದರೆ ಅವನದು 10-8-7-6-3, ಇವನದು 10-8-6-3-2. ಮೂರನೇ ಎಲೆಯಲ್ಲಿ 7 ಗೆದ್ದಿತು. ಚಾಪೆಯಲ್ಲಿ ಒಂದೇ ಬಗೆಯ ನಾಲ್ಕು ಕಂಡ ಕೂಡಲೇ ಎಕ್ಕದ ಜೋಡಿಯ ಮೇಲಿನ ಆಸೆ ಕಡಿಮೆ ಮಾಡಿಕೊಳ್ಳಿ.

ಸ್ಟ್ರೇಟ್ ಫ್ಲಶ್ ವಿಷಯದಲ್ಲಿ ಅವಸರ ಬೇಡ. ಸಾಲೂ ಇದೆ, ಕಲರೂ ಇದೆ ಅಂದರೆ ಸಾಲದು. ಸಾಲಿನ ಅವೇ ಐದು ಎಲೆ ಒಂದೇ ಬಗೆ ಆಗಿರಬೇಕು. ಆಟೀನ್ 5, 6, 7, 9, ರಾಜ ಮತ್ತು ಕಳಾವರ್ 8 ಇದ್ದರೆ 5ರಿಂದ 9ರ ಸಾಲೂ ಆಯಿತು, ಆಟೀನ್ ಕಲರೂ ಆಯಿತು. ಆದರೆ 8 ಕಳಾವರ್. ಹಾಗಾಗಿ ಬರೀ ಕಲರ್.

ಕಲಿಯುವ ಬಗೆ

ಹತ್ತು ಜಾಗಕ್ಕೆ ಐದೈದು ಎಲೆ ಮೇಲ್ಮುಖವಾಗಿ ಹಾಕಿ. ಎರಡು ಎಲೆ ಉಳಿಯುತ್ತವೆ. ಹತ್ತನ್ನೂ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ. ಸುಮಾರು ಐದು ಕೈಗೆ ಏನೂ ಇರುವುದಿಲ್ಲ, ನಾಲ್ಕಕ್ಕೆ ಒಂದು ಜೋಡಿ. ಬೇಸರ ಅನಿಸಬಹುದು, ಆದರೆ ಕಿಕ್ಕರ್ ನೋಡುವ ಅಭ್ಯಾಸ ಇಲ್ಲೇ ಬರುವುದು. ನಾನು ನಾಲ್ಕು ಸಂಜೆ ಹೀಗೆ ಜೋಡಿಸಿದೆ. ಒಂದೇ ಒಂದು ಸ್ಟ್ರೇಟ್ ಬಂತು, ಕಲರ್ ಬರಲೇ ಇಲ್ಲ.

ಅದು ಸಲೀಸಾದ ಮೇಲೆ ಚಾಪೆಗೆ ಐದು ಎಲೆ ತೆರೆದು, ನಾಲ್ಕು ಜಾಗಕ್ಕೆ ಎರಡೆರಡು ಹಾಕಿ. ಪ್ರತಿ ಕೈಗೂ ಈ ಕ್ರಮದಲ್ಲಿ ಕೇಳಿಕೊಳ್ಳಿ. ಚಾಪೆಯಲ್ಲಿ ಒಂದೇ ಬಗೆಯ ಮೂರು ಎಲೆಯಾದರೂ ಇವೆಯೇ? ಇಲ್ಲದಿದ್ದರೆ ಕಲರ್ ಯಾರಿಗೂ ಸಾಧ್ಯವಿಲ್ಲ. ಚಾಪೆಯಲ್ಲಿ ಜೋಡಿ ಇದೆಯೇ? ಇಲ್ಲದಿದ್ದರೆ ಫುಲ್ ಹೌಸ್ ಆಗಲಿ, ನಾಲ್ಕು ಒಂದೇ ಥರ ಆಗಲಿ, ಯಾರ ಹತ್ತಿರವೂ ಇರಲಾರದು. ಹತ್ತಿರ ಹತ್ತಿರದ ಮೂರು ಎಲೆ ಇವೆಯೇ? ಆಗ ಸಾಲಿನ ಕಡೆ ಕಣ್ಣಿಡಿ. ಈ ಮೂರಕ್ಕೂ ಇಲ್ಲ ಅಂತ ಬಂದರೆ ಮೂರು ಒಂದೇ ಥರದ್ದಕ್ಕಿಂತ ದೊಡ್ಡ ಕೈ ಆ ಚಾಪೆಯಲ್ಲಿ ಇಲ್ಲವೇ ಇಲ್ಲ.

ಎಲೆ ತೋರಿಸುವಾಗ ಏಳನ್ನೂ ಹರಡಿ, ನಿಮ್ಮ ಐದನ್ನು ಒಂದು ಬೆರಳಷ್ಟು ಮುಂದಕ್ಕೆ ಎಳೆದು, ಎರಡನ್ನು ಹಿಂದೆ ಬಿಡಿ. ಬಾಯಲ್ಲಿ ತಪ್ಪು ಹೆಸರು ಹೇಳಿದರೂ ಗೆಲುವು ಎಲೆ ನೋಡಿಯೇ ತೀರ್ಮಾನ ಆಗಬೇಕು ಅಂತ ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಹಾಗೇ ಮಾಡಿದ್ದೇವೆ, ಯಾಕೆಂದರೆ ನಾನು ಇನ್ನೂ ಫ್ಲಶ್ ಬಂದಾಗ "ಸೀಕ್ವೆನ್ಸ್" ಅಂತ ಕೂಗುತ್ತೇನೆ.